ಅಳಿಯನಿಗೆ ಅರಮನೆ ಬೇಕಂತೆ, ಕಾರ್ಖಾನೆಯೂ ಬೇಕಂತೆ

ಪ್ರಶ್ನೆ: ಅಕ್ಕಾ, ಡಿಸೆಂಬರಿನಲ್ಲಿ ಮಗಳು-ಅಳಿಯ ಬೆಂಗಳೂರಿನಿಂದ ಬರುತ್ತಿದ್ದಾರೆ. ಅಳಿಯನಿಗೆ ಅರಮನೆ, ದೊಡ್ಡ ಮನೆ, ಹಳೇ ಕಾರ್ಖಾನೆ ನೋಡುವ ಹುಚ್ಚು. ದೇವಸ್ಥಾನ, ಜಲಪಾತ ಬಿಟ್ಟು ಏನು ತೋರಿಸಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಅರಮನೆಯ ಸುದ್ದಿ ಮೊದಲು ಮುಗಿಸಿಬಿಡುತ್ತೇನೆ. ಶಿರಸಿ ಹತ್ತಿರದ ಸೋದೆಯಲ್ಲಿ, ಅಲ್ಲಿನ ಅರಸರ ಕೋಟೆಯಲ್ಲಿ ಕೆತ್ತನೆಯ ಗಿಡ್ಡ ಕಂಬಗಳ ಮೇಲೆ ಕೂರಿಸಿದ ದೊಡ್ಡ ಹಾಸುಗಲ್ಲೊಂದಿದೆ. ಅರಸರ ಸಿಂಹಾಸನ ಅದೇ ಎಂದು ಹೇಳುತ್ತ ಬಂದಿದ್ದಾರೆ. ಅರಮನೆ ಇಲ್ಲ. ಅರ್ಧ ಗಂಟೆ ಸಾಕು.

ಡಿಸೆಂಬರ್ ಅಂದಿರಲ್ಲ, ಒಳ್ಳೆಯದೇ ಆಯಿತು. ಅಡಿಕೆ ಕೊಯ್ಲಿನ ಕಾಲ. ನಮ್ಮ ಕಡೆ ದೊಡ್ಡ ಮನೆಯೇ ಕಾರ್ಖಾನೆ, ಎರಡನ್ನು ಬೇರೆಬೇರೆ ಹುಡುಕುವುದು ದಂಡ. ಹೆಬ್ಬಾಗಿಲು, ಜಗಲಿ, ನಾಗಂದಿಗೆ ಉಳಿಸಿಕೊಂಡ ಮನೆ ನಿಮ್ಮ ನೆಂಟರ ಪೈಕಿ ಒಂದಾದರೂ ಇದ್ದೀತು. ಕಂಬದ ಕೆತ್ತನೆಯ ಫೋಟೋ ಆಮೇಲೆ ತೆಗೆಯಲಿ. ಕತ್ತಲಾಗುವ ಹೊತ್ತಿಗೆ ಕರೆದೊಯ್ದರೆ ಮೆಟ್ಟುಗತ್ತಿಯೆದುರು ಕೂತು ಅಡಿಕೆ ಸುಲಿಯುವವರು, ಹಂಡೆಯಲ್ಲಿ ಚೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಜೊತೆ ಕುದಿಯುವ ಅಡಿಕೆ, ಒಣಗಲು ಹರವಿದ ಕೆಂಪಡಿಕೆ, ಸಿಪ್ಪೆಯ ರಾಶಿ ಎಲ್ಲ ಒಂದೇ ಕಡೆ ಸಿಗುತ್ತವೆ. ಅಂಗಳ ಅಷ್ಟಗಲ ಯಾಕೆ, ಅಟ್ಟ ಯಾಕೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮರುದಿನ ಶಿರಸಿಯಲ್ಲಿ 1923ರಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಅಂಗಳದಲ್ಲಿ ಇಂಥದೇ ಅಡಿಕೆಯ ಮೂಟೆ ತೋರಿಸಿ.

ಮುಂಚೆ ಫೋನ್ ಮಾಡಿ ಹೋಗಿ. ಕುಡಿಯಲು ಆಸರಿಗೆ ಕೊಟ್ಟರೆ ಬೇಡ ಎನ್ನಬೇಡಿ. ಕ್ಯಾಮೆರಾ ಹಿಡಿದು ಅಡುಗೆಮನೆಗೆ ನುಗ್ಗಬಾರದು ಎಂಬುದನ್ನು ಅಳಿಯನಿಗೆ ನೀವು ಹೇಳುವುದಕ್ಕಿಂತ ಮಗಳ ಬಾಯಲ್ಲಿ ಹೇಳಿಸುವುದು ಕ್ಷೇಮ.

ನಿಂತುಹೋದ ಉದ್ಯಮವೇ ಬೇಕು ಅಂದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿ, ಗಾಡಿಗಟ್ಟಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹತ್ತಿ ಬೆಳೆಯದ ಊರಿನ ಹೆಸರಲ್ಲೇ 'ಕುಮಟಾ ಹತ್ತಿ' ಮಾರಾಟವಾಯಿತು! 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಹತ್ತಿಯ ವ್ಯಾಪಾರ, ಕಾರವಾರ ಬಂದರಿನ ಆಸೆ ಇತ್ತು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂತು, ಹತ್ತಿ ಅತ್ತ ತಿರುಗಿತು. ಈಗಿನ ಬಂದರಿನಲ್ಲಿ ಇದರ ಗುರುತು ಹುಡುಕುತ್ತ ಬೇಸರ ಮಾಡಿಕೊಳ್ಳುವುದು ಬೇಡ, ಕತೆಯನ್ನು ಘಟ್ಟದ ತಿರುವುಗಳಲ್ಲೇ ಹೇಳಿ ಮುಗಿಸಿ. ಹಾಗೇ ಅಘನಾಶಿನಿ ದಡದ ಮಿರ್ಜಾನ್ ಕೋಟೆಗೂ ಹೋಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿನ ಕಾಲದ್ದು.

ಗೋಕರ್ಣದ ಹತ್ತಿರ ಉಪ್ಪು ತೆಗೆಯುವ ಆಗರಗಳ ಊರು ಸಾಣಿಕಟ್ಟಾ ಮಾತ್ರ ಈ ಸಲ ಬೇಡ. ಡಿಸೆಂಬರಿನಲ್ಲಿ ಉಪ್ಪು ಇರುವುದಿಲ್ಲ. ಆಗರಕ್ಕೆ ಬಿಟ್ಟ ಉಪ್ಪುನೀರು ಬಿಸಿಲಿಗೆ ಇಂಗಿ, ಹರಳಾಗಿ, ಎಳೆದು ರಾಶಿ ಹಾಕುವುದನ್ನು ನೋಡಬೇಕಾದರೆ ಏಪ್ರಿಲ್‌ನಲ್ಲಿ ಬರಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದೂ ಇದೇ ಹಂಗಾಮಿನಲ್ಲಿ. ಅಳಿಯ ಟೊಪ್ಪಿ ತರಲಿ, ಆಗರದಲ್ಲಿ ನೆರಳಿಲ್ಲ.