ಪರ್ಫ್ಯೂಮ್ ಏರ್ ಕಾರ್ಗೋದಲ್ಲಿ ಕಳಿಸಬೇಕು. ಅದು ಅಪಾಯಕಾರಿ ಸರಕೇ, ಯಾವ ವರ್ಗ ಎಂದು ತಿಳಿಯುವುದು ಹೇಗೆ?

ತಯಾರಕರಿಂದ ಎಸ್‌ಡಿಎಸ್, ಅಂದರೆ ಆ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರ ತರಿಸಿಕೊಳ್ಳಿ. ಬಹಳ ಜನ ನೇರವಾಗಿ ಅದರ 14ನೇ ವಿಭಾಗದ ಯುಎನ್ ಸಂಖ್ಯೆ (ಅಪಾಯಕಾರಿ ಸರಕಿನ ಗುರುತಿನ ಸಂಖ್ಯೆ) ಬರೆದುಕೊಂಡು ಮುಗಿಸುತ್ತಾರೆ. ಅಲ್ಲಿ ಕೆಲವೊಮ್ಮೆ ರಸ್ತೆ ಸಾಗಣೆಯ ವಿವರ ಮಾತ್ರ ಇರುತ್ತದೆ, ಹಾಗಾಗಿ ಮೊದಲು 9ನೇ ವಿಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ ನೋಡಿ. ಅಂದರೆ ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ. ಕ್ಲೋಸ್ಡ್ ಕಪ್ (ಮುಚ್ಚಿದ ಪಾತ್ರೆಯ) ಪರೀಕ್ಷೆಯಲ್ಲಿ ಅದು 60 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ 3ನೇ ವರ್ಗ, ಸುಡುವ ದ್ರವ. ಓಪನ್ ಕಪ್ (ತೆರೆದ ಪಾತ್ರೆಯ) ಅಂಕಿ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಅದನ್ನು ನಂಬಿದರೆ ಸುಡುವ ಸರಕೇ ಸಾಮಾನ್ಯ ಸರಕಾಗಿ ವಿಮಾನ ಹತ್ತಿಬಿಡುತ್ತದೆ.

ಆಮೇಲೆ ಪ್ಯಾಕಿಂಗ್ ಗ್ರೂಪ್, ಅಂದರೆ ಅಪಾಯದ ಮಟ್ಟ; ಗ್ರೂಪ್ 1 ಅತಿ ಅಪಾಯಕಾರಿ. ಕುದಿಯಲು ಶುರುವಾಗುವ ಉಷ್ಣಾಂಶ 35 ಡಿಗ್ರಿ ಮೀರದಿದ್ದರೆ ಗ್ರೂಪ್ 1. ಅದು 35 ದಾಟಿ, ಫ್ಲ್ಯಾಶ್ ಪಾಯಿಂಟ್ 23ಕ್ಕಿಂತ ಕಡಿಮೆಯಿದ್ದರೆ ಗ್ರೂಪ್ 2. 23ರಿಂದ 60ರವರೆಗೆ ಗ್ರೂಪ್ 3. ಎಥನಾಲ್ ಹೆಚ್ಚಿರುವ ಪರ್ಫ್ಯೂಮ್ ಸಾಮಾನ್ಯವಾಗಿ ಯುಎನ್ 1266, ಗ್ರೂಪ್ 2.

ಡಬ್ಬಿಯನ್ನೂ ನೋಡಿ. ಅದೇ ಪರಿಮಳ ಸುಡುವ ಅನಿಲ ತುಂಬಿದ ಸ್ಪ್ರೇ ಕ್ಯಾನಿನಲ್ಲಿದ್ದರೆ ಯುಎನ್ 1950, ವರ್ಗ 2.1. ಎಣ್ಣೆಯ ಅತ್ತರಿನ ಫ್ಲ್ಯಾಶ್ ಪಾಯಿಂಟ್ 60 ದಾಟಿದರೂ ಬಿಟ್ಟುಬಿಡಬೇಡಿ. ಜಲಚರಗಳಿಗೆ ವಿಷಕಾರಿಯಾಗಿದ್ದು 5 ಲೀಟರ್ ಮೀರಿದ ಕ್ಯಾನಿನಲ್ಲಿದ್ದರೆ ಅದು 9ನೇ ವರ್ಗ, ಯುಎನ್ 3082.

ವರ್ಗೀಕರಣದ ಹೊಣೆ ಸರಕು ಕಳಿಸುವವರದ್ದೇ, ಏಜೆಂಟರದ್ದಲ್ಲ. ಘೋಷಣಾ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಅಂಕಿಗಳನ್ನು ನೀವೇ ತಾಳೆ ನೋಡಿ.