ಮಲಗಿದ್ದಕ್ಕೆ ‘ಲೇ’, ಇಟ್ಟಿದ್ದಕ್ಕೆ ‘ಲೇಡ್’

ಪ್ರಶ್ನೆ: ಇಂಗ್ಲಿಷಿನ ‘ಲೈ’, ‘ಲೇ’ ಕ್ರಿಯಾಪದಗಳ ಭೂತಕಾಲ ಪ್ರತಿ ಸಲವೂ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಒಂದರ ಭೂತರೂಪವೇ ಇನ್ನೊಂದರ ಮೂಲರೂಪ, ತೊಡಕಿರುವುದು ಅಲ್ಲೇ. ಮಲಗುವುದಕ್ಕೆ ಲೈ–ಲೇ–ಲೇನ್; ಇದಕ್ಕೆ ಕರ್ಮಪದ ಬೇಡ. ಇಡುವುದಕ್ಕೆ ಲೇ–ಲೇಡ್–ಲೇಡ್, ಇದಕ್ಕೆ ಬೇಕೇ ಬೇಕು. ಬರೆಯುವ ಮುನ್ನ ‘ಏನನ್ನು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ‘ಶಿ ಲೇಡ್ ದ ಬುಕ್ ಆನ್ ದ ಟೇಬಲ್’. ಸಿಗದಿದ್ದರೆ ‘ಹಿ ಲೇ ಡೌನ್ ಆಫ್ಟರ್ ಲಂಚ್’. ‘ಹಿ ಲೇಡ್ ಡೌನ್’ ಎಂದು ಇಂಗ್ಲಿಷ್ ಮನೆಮಾತಿನವರೂ ಆಡುವುದುಂಟು. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡಿ. ಸುಳ್ಳು ಹೇಳುವ ‘ಲೈ’ ಬೇರೆಯದೇ ಪದ, ಪಾಪ, ಸಾಧು: ಅದರ ಭೂತರೂಪ ಲೈಡ್, ಅಷ್ಟೇ.

‘ಡಿಡ್’ ಬಂದಾಗ ಮೂಲರೂಪವನ್ನೇ ಬಳಸಿ: ‘ಹಿ ಡಿಡ್ ನಾಟ್ ಲೈ ಡೌನ್’. ಭೂತಕಾಲವನ್ನು ‘ಡಿಡ್’ ಆಗಲೇ ಸೂಚಿಸಿರುತ್ತದೆ.