ಹೋದವರ ಕೂಲಿ, ಉಳಿದವರ ಕೂಲಿ

ಪ್ರಶ್ನೆ: ನಮ್ಮೂರ ಹುಡುಗರು ಬೆಂಗಳೂರಿಗೆ ಗುಳೆ ಹೋದರು. ಭತ್ತದ ನಾಟಿ ಕೂಲಿ ಏರಿದೆ. ದೇಶ ಬಿಟ್ಟು ಹೋದರೂ ಹೀಗೇನಾ?
– ಒಬ್ಬ ರೈತ, ಸಿಂಧನೂರು

ಉತ್ತರ: ಹೌದು ಯಜಮಾನ್ರೇ. ಮಾನ್ವಿಯಲ್ಲಿ ನಮ್ಮಣ್ಣನ ಹೊಲದಲ್ಲೂ ಇದೇ ಗೋಳು. (ನಾಟಿ ಹಚ್ಚುವ ಹೆಣ್ಮಕ್ಕಳಿಗೆ ಗೋಳಲ್ಲ ಬಿಡಿ!) ಜನ ಅಮೆರಿಕಕ್ಕೆ ಹೋದಂತೆ ಮೆಕ್ಸಿಕೋದಲ್ಲಿ ಉಳಿದವರ ಕೂಲಿಯೂ ಏರಿತ್ತು.

ಹೋದ ಕಡೆ ಕೂಲಿ ಬೀಳುತ್ತದಾ? ಇಲ್ಲೇ ಜಗಳ. 1980ರಲ್ಲಿ ಕ್ಯೂಬಾದ ಸುಮಾರು 1.25 ಲಕ್ಷ ಜನ ಅಮೆರಿಕಕ್ಕೆ ಬಂದರು. ಬಹಳಷ್ಟು ಜನ ಅಲ್ಲಿನ ಮಯಾಮಿ ನಗರದಲ್ಲೇ ನಿಂತರು. ಅಲ್ಲಿನ ಕೂಲಿ ಅಷ್ಟೇನೂ ಇಳಿಯಲಿಲ್ಲ ಅಂದರು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್. 2021ರ ನೊಬೆಲ್ ಪಡೆದವರಲ್ಲಿ ಇವರೂ ಒಬ್ಬರು. ಬಂದವರೂ ಉಣ್ಣಬೇಕು, ಬಾಡಿಗೆ ಮನೆ ಹಿಡಿಯಬೇಕು, ಅಲ್ವಾ? ಅದರಿಂದಲೂ ಕೆಲಸ ಹುಟ್ಟುತ್ತದೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಮಾತ್ರ ಒಪ್ಪಲಿಲ್ಲ. ಹೈಸ್ಕೂಲು ಮುಗಿಸದ ಅಲ್ಲಿನವರ ಕೂಲಿಗೆ ಜೋರು ಪೆಟ್ಟು ಬಿತ್ತು ಅಂದರು. ನನಗೆ ಕಾರ್ಡ್ ಮಾತೇ ಜಾಸ್ತಿ ಸರಿ ಅನ್ನಿಸುತ್ತದೆ.